ಹೊಟ್ಟಿಗೆ ಎಣ್ಣೆ ತಟ್ಟುವ ಮುನ್ನ

ದೊಡ್ಡಪ್ಪನ ಬಲಗೈ ನಡುಗತೊಡಗಿದ್ದು ಮನೆಯವರೆಲ್ಲರ ಕಣ್ಣಿಗೆ ಬಿತ್ತು. ಹುಬ್ಬಿನಲ್ಲಿ, ಮೂಗಿನ ಪಕ್ಕದ ಗೆರೆಯಲ್ಲಿ, ಕಿವಿಯ ಹಿಂದೆ ಹಳದಿ ಹೊಟ್ಟು ಕಟ್ಟುತ್ತಿದ್ದದ್ದು ಮಾತ್ರ ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ. "ವಯಸ್ಸಾಯ್ತು, ಮೈ ಒಣಗ್ತಿದೆ" ಅಂತ ದೊಡ್ಡಮ್ಮ ರಾತ್ರಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ನೆತ್ತಿಗೂ ಹಣೆಗೂ ತಿಕ್ಕುತ್ತಿದ್ದರು. ಬೆಳಗ್ಗೆದ್ದರೆ ದಿಂಬಿನ ಮೇಲೆ ಜಿಡ್ಡಿನ ಕಲೆ. ಹೊಟ್ಟು ಹೋಗುವುದಿರಲಿ, ಇನ್ನಷ್ಟು ಎದ್ದಿರುತ್ತಿತ್ತು.

ಅದು ಒಣಗಿದ ಚರ್ಮವಲ್ಲ, ಜಿಡ್ಡು ಹೆಚ್ಚಾದ ಚರ್ಮ. ದೊಡ್ಡಪ್ಪನ ಕೈ ನಡುಗಿಸುತ್ತಿದ್ದ ಪಾರ್ಕಿನ್ಸನ್ಸ್ ಕಾಯಿಲೆ ಕೈಕಾಲಿನ ಚಲನೆಯನ್ನಷ್ಟೇ ಕೆಡಿಸುವುದಿಲ್ಲ. ಬೆವರು, ಮೈಜಿಡ್ಡು, ರಕ್ತದೊತ್ತಡಗಳನ್ನು ನಮಗೆ ಗೊತ್ತಾಗದಂತೆ ನೋಡಿಕೊಳ್ಳುವ ನರಗಳನ್ನೂ ಮುಟ್ಟುತ್ತದೆ. ಜಿಡ್ಡು ಹೆಚ್ಚಿದಲ್ಲಿ ಮಲಸೀಜಿಯಾ ಎಂಬ ಯೀಸ್ಟ್ ಹುಲುಸಾಗುತ್ತದೆ. ಎಲ್ಲರ ನೆತ್ತಿಯಲ್ಲೂ ಇರುವ ಜೀವಿಯೇ ಅದು, ಬದುಕುವುದು ಕೊಬ್ಬನ್ನು ತಿಂದು. ರಾತ್ರಿಯಿಡೀ ಎಣ್ಣೆ ಬಿಟ್ಟರೆ ಅದಕ್ಕೆ ಎಲೆ ಹಾಕಿ ಬಡಿಸಿದ ಹಾಗೆ. ಚರ್ಮವೈದ್ಯರು ಇದನ್ನು ಸೆಬೊರಿಕ್ ಡರ್ಮಟೈಟಿಸ್ ಅನ್ನುತ್ತಾರೆ. ಸಾಮಾನ್ಯವಾಗಿ ಅವರು ಹೇಳುವುದು ಕೀಟೊಕೊನಜೋಲ್ ಶಾಂಪೂ: ವಾರಕ್ಕೆ 2 ಸಲ, ನೊರೆ ಮಾಡಿ 3ರಿಂದ 5 ನಿಮಿಷ ಬಿಟ್ಟು ತೊಳೆಯುವುದು. 2ರಿಂದ 4 ವಾರದಲ್ಲಿ ಹಿಡಿತಕ್ಕೆ ಬಂದರೂ ಆಗಾಗ ಮುಂದುವರಿಸಬೇಕು, ಬಿಟ್ಟರೆ ಮರಳುತ್ತದೆ. ನಡುಗುವ ಕೈಗೆ ಕಿವಿಯ ಹಿಂದೆ ತಿಕ್ಕಲು ಆಗುವುದಿಲ್ಲ. ಸ್ಟೂಲ್ ಮೇಲೆ ಕೂರಿಸಿ ಯಾರಾದರೂ ತಿಕ್ಕಿಕೊಡಬೇಕು. "ಸರಿಯಾಗಿ ಸ್ನಾನ ಮಾಡಲ್ಲ" ಅಂತ ರೇಗುವುದಕ್ಕಿಂತ ಅದೇ ಸುಲಭ.

ನಮ್ಮ ಮನೆಯಲ್ಲಿ ಎಣ್ಣೆಗಿಂತ ಹೆಚ್ಚು ಕೆಡಿಸಿದ್ದು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಒಂದು ಟ್ಯೂಬು. ಸ್ಟೀರಾಯ್ಡು, ಫಂಗಸ್ ಮದ್ದು, ಆ್ಯಂಟಿಬಯಾಟಿಕ್ಕು ಮೂರನ್ನೂ ಕಲಸಿದ ಮುಲಾಮು. ವಾರದೊಳಗೆ ಮುಖ ಹೊಳೆಯಿತು. ಮೂರು ತಿಂಗಳಿಗೆ ಚರ್ಮ ತೆಳುವಾಗಿ ಕೆನ್ನೆಯ ಮೇಲೆ ಕೆಂಪು ರಕ್ತನಾಳಗಳು ಎದ್ದವು.

ಚರ್ಮ ಈ ಕಾಯಿಲೆಯ ಸುದ್ದಿಯನ್ನು ಕೈಗಿಂತ ಮೊದಲೇ ಕೊಡಬಲ್ಲದು. ಸ್ಕಾಟ್ಲೆಂಡಿನ ನರ್ಸ್ ಜಾಯ್ ಮಿಲ್ನ್ ಅವರಿಗೆ ಗಂಡನ ಮೈವಾಸನೆ ಬದಲಾದದ್ದು ಕಾಯಿಲೆ ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ತಿಳಿದಿತ್ತು. ಆಕೆಯ ಮೂಗನ್ನು ನಂಬಿ ಹೊರಟ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಪಾರ್ಕಿನ್ಸನ್ಸ್ ಇರುವವರ ಬೆನ್ನಿನ ಮೇಲ್ಭಾಗದ ಜಿಡ್ಡಿನಲ್ಲಿ ರಾಸಾಯನಿಕ ವ್ಯತ್ಯಾಸವಿರುವುದನ್ನು 2019ರಲ್ಲಿ ಪ್ರಕಟಿಸಿದರು. 2024ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ, ಚರ್ಮದ ಚೂರು ತೆಗೆದು ನೋಡಿದಾಗ ಪಾರ್ಕಿನ್ಸನ್ಸ್ ಇದ್ದವರಲ್ಲಿ ಶೇ. 92.7 ಮಂದಿಯಲ್ಲಿ ಈ ಕಾಯಿಲೆಗೆ ನಂಟಿರುವ ಆಲ್ಫಾ ಸಿನ್ಯೂಕ್ಲೀನ್ ಪ್ರೋಟೀನು ಸಿಕ್ಕಿತು. ಹಾಗಂತ ತಲೆಯಲ್ಲಿ ಹೊಟ್ಟು ಕಂಡವರೆಲ್ಲ ನರರೋಗ ತಜ್ಞರ ಬಾಗಿಲಿಗೆ ಓಡಬೇಕಿಲ್ಲ. ಊರಲ್ಲಿ ಅರ್ಧ ಜನರಿಗೆ ಹೊಟ್ಟಿದೆ. ಜೊತೆಗೆ ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೂಗಿ ಕೈ ಬೀಸುವುದು, ಅಕ್ಷರ ಸಣ್ಣದಾಗುವುದು ಸೇರಿಕೊಂಡರೆ ತೋರಿಸಬೇಕು.

ಕಾಯಿಲೆ ಆಗಲೇ ಇರುವವರಿಗೆ ಬೇಸಿಗೆ ಒಂದು ಗಂಡಾಂತರ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನು ತಡೆಯುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಮೈ ಬಿಸಿಯಾಗಿ, ಬೆವರೇ ಬಾರದೆ, ಮಾತು ತೊದಲಿದರೆ ಸುಸ್ತೆಂದು ಮಲಗಿಸಬೇಡಿ. ಮೈಗೆ ನೀರು ಹಾಕಿ, ಗಾಳಿ ಬೀಸಿ, ಆಸ್ಪತ್ರೆಗೆ ಒಯ್ಯಿರಿ. ಕೆಲವರಿಗೆ ಉಲ್ಟಾ, ನಡುರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಅದು ಎಷ್ಟೋ ಸಲ ಈ ಕಾಯಿಲೆಯ ಮುಖ್ಯ ಮದ್ದಾದ ಲೆವೊಡೋಪಾ ಮಾತ್ರೆಯ ಪ್ರಭಾವ ಇಳಿಯುವ ಹೊತ್ತು. ಗಂಟೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾಗದವರ ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ, ಈ ಎರಡನ್ನು ದಿನಾ ನೋಡಬೇಕು. ಬೆರಳಿಂದ ಒತ್ತಿದರೆ ಕೆಂಪು ಮಾಯವಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ. ನಮ್ಮ ಕಂದು ಚರ್ಮದಲ್ಲಿ ಕೆಂಪು ಕಾಣುವುದು ಕಷ್ಟ; ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಸುತ್ತಲಿಗಿಂತ ಕಪ್ಪಾಗಿದೆಯೇ ಎಂದು ಮುಟ್ಟಿ ನೋಡಬೇಕು. ಅಲ್ಲಿ ತಿಕ್ಕಬಾರದು. ಗಾಳಿ ತುಂಬಿದ ಉಂಗುರದ ಮೇಲೆ ಕೂರಿಸುವ ಹಳೆಯ ಉಪಾಯವೂ ಬೇಡ, ಅಂಚಿನಲ್ಲಿ ಒತ್ತಡ ಹೆಚ್ಚಾಗುತ್ತದೆ. ಎರಡು ಗಂಟೆಗೊಮ್ಮೆ ಹೊರಳಿಸುವುದು ರೂಢಿ. ಜಾರುವ ಸ್ಯಾಟಿನ್ ಹಾಸಿದರೆ ಕೆಲವರು ತಾವೇ ಹೊರಳಿಕೊಳ್ಳುತ್ತಾರೆ.

ಇನ್ನು ಮಚ್ಚೆ. ಪಾರ್ಕಿನ್ಸನ್ಸ್ ಇರುವವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಉಳಿದವರಿಗಿಂತ ಹೆಚ್ಚು. ಈ ಲೆಕ್ಕ ಬಹುಪಾಲು ಬಿಳಿಯರ ದೇಶಗಳದ್ದು. ಮೊದಲು ಲೆವೊಡೋಪಾ ಮಾತ್ರೆಯ ಮೇಲೆ ಅನುಮಾನವಿತ್ತು, ಆದರೆ ಮಾತ್ರೆ ಶುರು ಮಾಡುವ ಮೊದಲೇ ಆ ಅಪಾಯ ಹೆಚ್ಚಿರುವುದು ಕಂಡಿದೆ. ನಮ್ಮಲ್ಲಿ ಅದು ಅಪರೂಪ, ಬಂದರೆ ಹೆಚ್ಚಾಗಿ ಬಿಸಿಲು ಕಾಣದ ಅಂಗಾಲಿನಲ್ಲಿ, ಉಗುರಿನ ಕೆಳಗೆ. ದೊಡ್ಡಮ್ಮ ಈಗ ಭಾನುವಾರ ಉಗುರು ಕತ್ತರಿಸುವಾಗ ದೊಡ್ಡಪ್ಪನ ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು, ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಾರೆ.