ಮುಖ ಒಬ್ಬರದು, ಸಹಿ ಇನ್ನೊಬ್ಬರದು

ನಮ್ಮ ಪೇಟೆ ಬೀದಿಯ ಜವಳಿ ವರ್ತಕರೊಬ್ಬರು ಮೊನ್ನೆ ಪತ್ರಿಕೆಯ ಕಚೇರಿಗೆ ಬಂದಿದ್ದರು. ಕೈಯಲ್ಲಿ ಒಂದು ಚೀಟಿ. ಹೊಸ ಅಂಗಡಿಯ ಓಪನಿಂಗಿಗೆ ಸಿನಿಮಾ ನಟಿಯೊಬ್ಬರನ್ನು ಕರೆತರುತ್ತೇನೆಂದು ಬೆಂಗಳೂರಿನ ಏಜೆಂಟನೊಬ್ಬ ಇವರಿಂದ ಎರಡು ಲಕ್ಷ ಅಡ್ವಾನ್ಸ್ ಪಡೆದಿದ್ದ. ಪೆಂಡಾಲ್ ಹಾಕಿಸಿದ್ದಾಯಿತು, ಬ್ಯಾನರ್ ಕಟ್ಟಿಸಿದ್ದಾಯಿತು, ಆಟೋಗೆ ಮೈಕ್ ಕಟ್ಟಿ ಮೂರು ದಿನ ಊರೆಲ್ಲಾ ಕೂಗಿಸಿದ್ದಾಯಿತು. ಬೆಳಿಗ್ಗೆ ಹತ್ತಕ್ಕೆ ಬರಬೇಕಾದ ನಟಿ ಸಂಜೆ ಆರಾದರೂ ಪತ್ತೆಯಿಲ್ಲ. ಏಜೆಂಟನ ಫೋನ್ ಸ್ವಿಚ್ ಆಫ್. ಬಿಸಿಲಲ್ಲಿ ಕಾದ ಜನ ಬೈದುಕೊಂಡು ಹೋದರು. ಬೈಸಿಕೊಂಡವರು ಮಾತ್ರ ನಟಿಯೂ ಅಲ್ಲ, ಏಜೆಂಟನೂ ಅಲ್ಲ, ನಮ್ಮ ಸಾಹುಕಾರರು.

"ಬಿಡೋದಿಲ್ಲ ಸ್ವಾಮಿ, ಆ ನಟೀನೇ ಕೋರ್ಟಿಗೆ ಎಳೀತೀನಿ" ಅಂದರು. ಚೀಟಿ ಬಿಡಿಸಿ ನೋಡಿದೆವು. ನಟಿಯ ಹೆಸರಿದೆ, ಬಣ್ಣದ ಫೋಟೋ ಇದೆ, ತಾರೀಕು ಇದೆ. ಸಹಿ ಮಾತ್ರ ಏಜೆಂಟನದು. ಆ ನಟಿಗೆ ನಮ್ಮ ಊರು ಯಾವ ದಿಕ್ಕಿನಲ್ಲಿದೆ ಎಂಬುದಾದರೂ ಗೊತ್ತಿತ್ತೋ ಇಲ್ಲವೋ!

ಇದು ಒಬ್ಬರ ಕಥೆಯಲ್ಲ. ಹೋಟೆಲ್ ಇರಲಿ, ಚಿನ್ನದ ಅಂಗಡಿ ಇರಲಿ, ಗಣಪತಿ ಪೆಂಡಾಲ್ ಇರಲಿ, ಈಗ ಎಲ್ಲದಕ್ಕೂ ಒಂದು ಸ್ಟಾರ್ ಮುಖ ಬೇಕು. ಮುಖ ಬೇಕಾದಾಗ ಕರಾರು ಬೇಕೆಂಬುದು ನಮ್ಮವರಿಗೆ ಮರೆತುಹೋಗುತ್ತದೆ. ಕೋಟಿಗಟ್ಟಲೆ ಸುರಿಯುವ ಕಂಪನಿಗಳೇ ಈ ವಿಷಯದಲ್ಲಿ ಎಡವಿ ಬಿದ್ದಿವೆ. ಅವರ ಜಗಳದಿಂದ ನಮ್ಮ ಪೇಟೆ ಕಲಿಯಬೇಕಾದ್ದು ಸಾಕಷ್ಟಿದೆ.

ಮೊದಲ ಪ್ರಶ್ನೆ: ಮಾತು ಕೊಟ್ಟವರು ಯಾರು? ಅಮೆರಿಕದ ನಟಿ ಕಿಮ್ ಬೇಸಿಂಗರ್ 'ಬಾಕ್ಸಿಂಗ್ ಹೆಲೆನಾ' ಎಂಬ ಚಿತ್ರಕ್ಕೆ ಒಪ್ಪಿ, ಶೂಟಿಂಗ್‌ಗೆ ಮುಂಚೆ ಕೈ ಎತ್ತಿದರು. ಸಹಿಯಾದ ಪತ್ರವಿರಲಿಲ್ಲ, ಬಾಯಿಮಾತಿನ ಒಪ್ಪಂದವಾಗಿತ್ತು ಎಂದು ನಿರ್ಮಾಪಕರು ದಾವೆ ಹೂಡಿದರು. 1993ರಲ್ಲಿ ಲಾಸ್ ಏಂಜಲೀಸಿನ ಜ್ಯೂರಿ 80 ಲಕ್ಷ ಡಾಲರಿಗೂ ಮೀರಿದ ಪರಿಹಾರ ಹೇಳಿತು. ನಟಿ ಅದೇ ವರ್ಷ ದಿವಾಳಿ ಅರ್ಜಿ ಹಾಕಿಕೊಂಡರು. ಆದರೆ 1994ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಕಾರಣ ಕೇಳಿ: ಮಾತು ಕೊಟ್ಟದ್ದು ನಟಿಯೇ ಖುದ್ದಾಗಿಯೋ, ಇಲ್ಲ ಅವರ ಹೆಸರಿನಲ್ಲಿ ವ್ಯವಹಾರ ಮಾಡುವ ಅವರದೇ ಕಂಪನಿಯೋ ಎಂಬುದು ಜ್ಯೂರಿಯ ತೀರ್ಮಾನದಲ್ಲಿ ಸ್ಪಷ್ಟವಾಗಿರಲಿಲ್ಲ. ಕೊನೆಗೆ ಎರಡೂ ಕಡೆ ರಾಜಿಯಾಯಿತು. ಹಾಲಿವುಡ್ಡಿನ ವಕೀಲರಿಗೇ ಈ ಗತಿಯಾದರೆ ನಮ್ಮ ಸಾಹುಕಾರರ ಚೀಟಿಯ ಪಾಡೇನು?

ನಮ್ಮಲ್ಲಿ ಇದಕ್ಕೆಲ್ಲ ಇರುವುದು 1872ರ ಕರಾರು ಕಾಯಿದೆ. ಇದರ ಪ್ರಕಾರ ಬಾಯಿಮಾತಿನ ಕರಾರೂ ಕರಾರೇ, ಸಾಬೀತು ಮಾಡುವುದು ಮಾತ್ರ ನಿಮ್ಮ ಹಣೆಬರಹ. ಏಜೆಂಟನಿಗೆ ನಟಿಯೇ ಅಧಿಕಾರ ಕೊಟ್ಟಿದ್ದರೆ ಅವನ ಸಹಿ ನಟಿಯನ್ನೂ ಕಟ್ಟಿಹಾಕುತ್ತದೆ. ಅಧಿಕಾರವಿಲ್ಲದೆ ಸುಳ್ಳು ಹೇಳಿದ್ದರೆ 235ನೇ ಕಲಮಿನಂತೆ ನಷ್ಟ ತುಂಬಿಕೊಡಬೇಕಾದವನು ಆ ಏಜೆಂಟನೇ. ನಟಿಯ ಕೂದಲೂ ಅಲ್ಲಾಡುವುದಿಲ್ಲ. ಮೊದಲಿನಿಂದಲೇ ಟೋಪಿ ಹಾಕುವ ಉದ್ದೇಶವಿತ್ತು ಎಂದಾದರೆ ಅದು ಬರೀ ಕರಾರು ಭಂಗವಲ್ಲ, ವಂಚನೆ. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು. ಹಳಬರು ಈಗಲೂ ನಾಲ್ಕುನೂರಿಪ್ಪತ್ತು ಅನ್ನುವುದು ಅದನ್ನೇ.

ಎರಡನೇ ಪ್ರಶ್ನೆ: ಮಾತು ತಪ್ಪಿದರೆ ಸಿಗುವುದೇನು? ನಟಿಯ ಕಿವಿ ಹಿಡಿದು ಕರೆತಂದು ರಿಬ್ಬನ್ ಕತ್ತರಿಸಿ ಅಂತ ಯಾವ ನ್ಯಾಯಾಧೀಶರೂ ಹೇಳುವುದಿಲ್ಲ. ಇದು ಇವತ್ತಿನ ನ್ಯಾಯವಲ್ಲ. 1852ರಲ್ಲಿ ಲಂಡನ್ನಿನ ಒಂದು ಥಿಯೇಟರಿನಲ್ಲಿ ಮೂರು ತಿಂಗಳು ಹಾಡುತ್ತೇನೆ, ಬೇರೆಲ್ಲೂ ಹಾಡುವುದಿಲ್ಲ ಎಂದು ಒಪ್ಪಿದ್ದ ಗಾಯಕಿ ಜೊಹಾನ್ನಾ ವಾಗ್ನರ್ ಹೆಚ್ಚು ದುಡ್ಡಿಗೆ ಇನ್ನೊಂದು ಥಿಯೇಟರಿಗೆ ಹೊರಟರು. ಹಾಡು ಎಂದು ಬಲವಂತ ಮಾಡಲಾರೆವು, ಆದರೆ ಬೇರೆ ಕಡೆ ಹಾಡಕೂಡದು ಎಂದು ತಡೆಯಬಲ್ಲೆವು ಎಂದಿತು ಕೋರ್ಟು. ನಮ್ಮ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯೂ ಇದೇ ದಾರಿ ಹಿಡಿದಿದೆ. ಕಲೆ, ಪ್ರತಿಭೆ, ಮುಖ ಇವೆಲ್ಲ ಜಪ್ತಿಯಾಗುವ ಮಾಲಲ್ಲ. ಉಳಿಯುವುದು ದುಡ್ಡಿನ ಪರಿಹಾರ ಒಂದೇ. ಆ ದುಡ್ಡೂ ಅಷ್ಟೇ, ಕರಾರು ಮುರಿದದ್ದರಿಂದ ಸಹಜವಾಗಿ ಆದ ನಷ್ಟಕ್ಕೆ ಮಾತ್ರ. ಪೆಂಡಾಲಿನ ಬಿಲ್ಲು, ಬ್ಯಾನರಿನ ಬಿಲ್ಲು ತೋರಿಸಿದರೆ ಕೇಳುತ್ತಾರೆ. ಹೋದ ಮಾನಕ್ಕೆ ಬಿಲ್ಲು ಎಲ್ಲಿಂದ ತರುತ್ತೀರಿ? ತಪ್ಪಿದರೆ ಇಷ್ಟು ಕೊಡಬೇಕು ಎಂದು ಕರಾರಿನಲ್ಲೇ ಮೊತ್ತ ಬರೆದಿದ್ದರೆ ಒಂದು ಆಸರೆ. ಆಗಲೂ 74ನೇ ಕಲಮಿನಂತೆ ಆ ಮೊತ್ತದ ಮಿತಿಯೊಳಗೆ ನ್ಯಾಯವೆನಿಸಿದಷ್ಟನ್ನೇ ಕೋರ್ಟು ಕೊಡಿಸುತ್ತದೆ.

ಮೂರನೇ ಪ್ರಶ್ನೆ: ಕರಾರು ಎಲ್ಲಿಯ ತನಕ? ಇದು ದುಡ್ಡು ಕೊಡುವವರಿಗಿಂತ ಸಹಿ ಹಾಕುವ ಹುಡುಗರು ಕೇಳಬೇಕಾದ ಪ್ರಶ್ನೆ. 2000ದ ಅಕ್ಟೋಬರಿನಲ್ಲಿ, ಭಾರತ ತಂಡಕ್ಕೆ ಆಗಷ್ಟೇ ಕಾಲಿಟ್ಟಿದ್ದ 22ರ ಜಹೀರ್ ಖಾನ್ ಪರ್ಸೆಪ್ಟ್ ಡಿಮಾರ್ಕ್ ಎಂಬ ಕಂಪನಿಗೆ ತನ್ನ ಜಾಹೀರಾತು ವ್ಯವಹಾರವನ್ನು ಮೂರು ವರ್ಷಕ್ಕೆ ವಹಿಸಿ ಸಹಿ ಹಾಕಿದರು. ಅದರಲ್ಲೊಂದು ಷರತ್ತು: ಅವಧಿ ಮುಗಿದ ಮೇಲೂ ಬೇರೆಯವರು ಆಫರ್ ಕೊಟ್ಟರೆ ಮೊದಲು ಈ ಕಂಪನಿಗೆ ತಿಳಿಸಿ, ಅಷ್ಟೇ ಬೆಲೆಗೆ ಹಿಡಿದುಕೊಳ್ಳುವ ಅವಕಾಶ ಕೊಡಬೇಕು. 2003ರಲ್ಲಿ ಅವಧಿ ಮುಗಿದದ್ದೇ ಜಹೀರ್ ಬೇರೆ ಕಂಪನಿ ಸೇರಿದರು. ದಾವೆ ಬಾಂಬೆ ಹೈಕೋರ್ಟಿಗೆ ಹೋಯಿತು. ಏಕಸದಸ್ಯ ಪೀಠದಲ್ಲಿ ಕಂಪನಿಗೆ ಜಯ, ವಿಭಾಗೀಯ ಪೀಠದಲ್ಲಿ ಆಟಗಾರನಿಗೆ ಜಯ. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆಟಗಾರನ ಪರವೇ ನಿಂತಿತು. ಕರಾರು ಮುಗಿದ ಮೇಲೂ ಮನುಷ್ಯನ ದುಡಿಮೆಗೆ ಹಗ್ಗ ಕಟ್ಟುವ ಷರತ್ತು 27ನೇ ಕಲಮಿನಂತೆ ಊರ್ಜಿತವಲ್ಲ ಎಂದಿತು. ನಮ್ಮೂರಿನ ಆರ್ಕೆಸ್ಟ್ರಾ ಗಾಯಕರು, ನಾಟಕ ಕಂಪನಿಯ ಕಲಾವಿದರು ಇದನ್ನು ನೆನಪಿಡಬೇಕು. "ಇನ್ಮೇಲೆ ಎಂದೆಂದಿಗೂ ನಮ್ಮಲ್ಲೇ ಹಾಡಬೇಕು" ಅಂತ ಯಾರಾದರೂ ಬರೆಸಿಕೊಂಡರೆ ಹೆದರಬೇಕಿಲ್ಲ. ಆದರೆ ಅವಧಿಯೊಳಗೆ ಮಾತು ಮುರಿದರೆ ಮಾತ್ರ ಕಾನೂನು ನಿಮ್ಮ ಕಡೆ ಇರುವುದಿಲ್ಲ.

ಇನ್ನು, ಈ ಪತ್ರಿಕೆಯನ್ನು ಬಸ್ಸಿನಲ್ಲಿ ನಿಂತು ಓದುತ್ತಿರುವ ನೀವು ಕೇಳಬಹುದು: ದೊಡ್ಡವರ ಕರಾರಿನಿಂದ ನಮಗೇನು? ಆಮ್ರಪಾಲಿ ಎಂಬ ಬಿಲ್ಡರ್ ಕಂಪನಿಯ ಕಥೆ ಕೇಳಿ. ಅದರ ಜಾಹೀರಾತಿನ ಮುಖ ಮಹೇಂದ್ರ ಸಿಂಗ್ ಧೋನಿ. ದೆಹಲಿ ಸಮೀಪದ ನೋಯ್ಡಾ, ಗ್ರೇಟರ್ ನೋಯ್ಡಾಗಳಲ್ಲಿ ಸಾವಿರಾರು ಸಂಸಾರಗಳು ಮನೆಗೆಂದು ದುಡ್ಡು ಕಟ್ಟಿದವು. ಮನೆ ಮುಗಿಯಲಿಲ್ಲ. ಜನ ಧೋನಿಯನ್ನೇ ಕೇಳತೊಡಗಿದರು. 2016ರ ಏಪ್ರಿಲಿನಲ್ಲಿ ಅವರು ಆ ಕಂಪನಿಯ ರಾಯಭಾರಿ ಪಟ್ಟದಿಂದ ಹಿಂದೆ ಸರಿದರು. 2019ರಲ್ಲಿ ಅವರೂ ಸುಪ್ರೀಂ ಕೋರ್ಟಿಗೆ ಹೋದರು, ತನಗೆ ಬರಬೇಕಾದ ಸುಮಾರು 40 ಕೋಟಿ ಬಾಕಿ ಇದೆ ಎಂದು. ಅದೇ ಜುಲೈನಲ್ಲಿ ಕೋರ್ಟು ಕಂಪನಿಯ ನೋಂದಣಿ ರದ್ದುಪಡಿಸಿ, ಉಳಿದ ಮನೆಗಳನ್ನು ಕಟ್ಟುವ ಕೆಲಸವನ್ನು ಸರ್ಕಾರಿ ಸಂಸ್ಥೆ ಎನ್‌ಬಿಸಿಸಿಗೆ ಒಪ್ಪಿಸಿತು. ಮುಖ ತೋರಿಸಿದವರಿಗೆ ಕರಾರಿತ್ತು, ಬಾಕಿ ಕೇಳಿದರು. ಮುಖ ನೋಡಿ ದುಡ್ಡು ಕಟ್ಟಿದವನಿಗೆ ಆ ಮುಖದ ಜೊತೆ ಯಾವ ಕರಾರೂ ಇರಲಿಲ್ಲ. ಅವನ ಕರಾರು ಬಿಲ್ಡರನ ಜೊತೆ ಮಾತ್ರ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆ ಸ್ವಲ್ಪ ಬಿಗಿಯಾಗಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಅದೇ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಮೊದಲ ಸಲ ಒಂದು ವರ್ಷದವರೆಗೆ, ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಜಾಹೀರಾತಿಗೇ ನಿಷೇಧ ಹೇರಬಹುದು. ಆದರೆ ಮುಂಚೆಯೇ ವಿಚಾರಿಸಿ ನೋಡಿದ್ದೆ ಎಂದು ತೋರಿಸಿದರೆ ದಂಡವಿಲ್ಲ. ದಂಡ ಬಿದ್ದರೂ ಆ ದುಡ್ಡು ನಿಮ್ಮ ಜೇಬಿಗೆ ಬರುವುದಿಲ್ಲ.

ಹಾಗಾದರೆ ನಮ್ಮ ಸಾಹುಕಾರರು ಏನು ಮಾಡಬೇಕು? ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಹಾಗಂತ ಸುಮ್ಮನೆ ಕೂರಬೇಕೂ ಇಲ್ಲ. ಕರಾರು ಮುರಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬಹುದು. ವ್ಯಾಪಾರದ ವ್ಯಾಜ್ಯದ ಮೊತ್ತ 3 ಲಕ್ಷ ಮುಟ್ಟಿದರೆ, ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ, ದಾವೆಗೆ ಮುಂಚೆ ಸಂಧಾನಕ್ಕೆ ಹೋಗಲೇಬೇಕು. ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತೆರೆದಿದೆ. ಬ್ಯಾಂಕಿನಲ್ಲಿ ದುಡ್ಡು ಹೋದ ದಾಖಲೆ, ಏಜೆಂಟನ ಮೆಸೇಜು, ಪೆಂಡಾಲಿನ ಬಿಲ್ಲು, ಎಲ್ಲವನ್ನೂ ಇವತ್ತೇ ಜೋಡಿಸಿಡಲಿ.

ನಮ್ಮ ವರ್ತಕರ ಸಂಘಕ್ಕೂ ಒಂದು ಮಾತು. ಪ್ರತಿ ವರ್ಷ ವಾರ್ಷಿಕೋತ್ಸವ ಮಾಡಿ ಹಾರ ಹಾಕಿಸಿಕೊಳ್ಳುತ್ತೀರಿ, ಸಂತೋಷ. ಈ ಸಲ ವಕೀಲರ ಸಂಘದವರನ್ನು ಕೂರಿಸಿಕೊಂಡು ಎರಡು ಪುಟದ ಒಂದು ಮಾದರಿ ಕರಾರು ಕನ್ನಡದಲ್ಲಿ ಅಚ್ಚು ಹಾಕಿಸಿ, ಎಲ್ಲ ಅಂಗಡಿಗೂ ಹಂಚಿ. ಕಲಾವಿದರ ಸ್ವಂತ ಸಹಿ, ಇಲ್ಲವೇ ಏಜೆಂಟನಿಗೆ ಅವರು ಕೊಟ್ಟ ಅಧಿಕಾರ ಪತ್ರ. ದಿನ, ವೇಳೆ, ಎಷ್ಟು ಹೊತ್ತು. ಬಾರದಿದ್ದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಮೇಲೆ ಎಷ್ಟು ಪರಿಹಾರ. ಹಾಗೆಯೇ ಓಪನಿಂಗ್ ನಾವೇ ಮುಂದಕ್ಕೆ ಹಾಕಿದರೆ ಕಲಾವಿದರಿಗೆ ಎಷ್ಟು. ನ್ಯಾಯ ಎರಡೂ ಕಡೆಗೆ ಇರಬೇಕು ತಾನೇ?

ಸಾಹುಕಾರರು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು. ಅವರ ಅಂಗಡಿಯ ಮುಂದೆ ಆ ನಟಿಯ ಬ್ಯಾನರ್ ಇನ್ನೂ ನಗುತ್ತಾ ನಿಂತಿದೆ. ಮುಂದಿನ ಅಂಗಡಿಯವರೇ, ರಿಬ್ಬನ್ನೂ ಕತ್ತರಿಯೂ ಕೊಳ್ಳುವ ಮುಂಚೆ ಕರಾರಿನ ಕಾಗದ ಕೊಳ್ಳಿ.