ದತ್ತಿಯ ಹಣ ಯಾರಿಗೆ ಸಲ್ಲಬೇಕು?

ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ನಾವು ನಾಲ್ಕು ಕಾಸು ಕಂಡ ಮೇಲೆ ಮಾಡುವ ಮೊದಲ ದಾನ ಯಾವುದು? ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದವರಿಗೆ ನಗದು ಬಹುಮಾನ. ತಂದೆತಾಯಿಗಳ ಹೆಸರಿನಲ್ಲಿ ದತ್ತಿಯಿಟ್ಟು, ಶಾಲು ಹೊದಿಸಿ, ಲಕೋಟೆ ಕೊಟ್ಟು, ಭಾವಚಿತ್ರ ತೆಗೆಸಿಕೊಂಡು ಮನೆಗೆ ಬರುತ್ತೇವೆ. ಮರುದಿನವೇ, ಈಗಿನ ಹುಡುಗರಿಗೆ ವ್ಯಾಸಂಗದಲ್ಲಿ ಆಸ್ಥೆಯಿಲ್ಲ, ಪರೀಕ್ಷೆಗೆ ಬೇಕಾದಷ್ಟನ್ನೇ ಓದುತ್ತಾರೆ ಎಂದು ಹಳಹಳಿಸುತ್ತೇವೆ. ಈ ಎರಡಕ್ಕೂ ಸಂಬಂಧವುಂಟೆಂಬುದು ನಮಗೆ ಹೊಳೆಯುವುದೇ ಇಲ್ಲ.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಡೆಸಿ ಅವರು 1971ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಕೇಳಿರಿ. ತುಂಡುಗಳನ್ನು ಜೋಡಿಸಿ ಆಕೃತಿ ರಚಿಸುವ ಒಗಟುಗಳನ್ನು ಅವರು ಕಾಲೇಜು ವಿದ್ಯಾರ್ಥಿಗಳಿಗೆ ಮೂರು ಸಲ ಕೊಟ್ಟರು. ಎರಡನೆಯ ಸಲ ಅರ್ಧದಷ್ಟು ಜನರಿಗೆ ಮಾತ್ರ, ಬಿಡಿಸಿದ ಒಂದೊಂದು ಒಗಟಿಗೆ ಒಂದೊಂದು ಡಾಲರು ದೊರೆಯಿತು. ಪ್ರತಿ ಸಲವೂ ನಡುವೆ ಎಂಟು ನಿಮಿಷ ಅವರನ್ನು ಅವರ ಪಾಡಿಗೆ ಬಿಟ್ಟು, ಬಿಡುವಿನಲ್ಲಿ ಏನು ಮಾಡುವರೆಂದು ಮರೆಯಿಂದ ನೋಡಲಾಯಿತು. ಹಣ ನಿಂತ ಮೂರನೆಯ ಸಲ, ಹಣದ ರುಚಿ ಕಂಡವರು ಒಗಟಿನಲ್ಲಿ ಕಳೆದ ಹೊತ್ತು ಮೊದಲಿಗಿಂತ ಇಳಿದಿತ್ತು. ಹಣ ಕಾಣದವರಲ್ಲಿ ಈ ಇಳಿತವಿರಲಿಲ್ಲ. ಪ್ರಯೋಗ ಚಿಕ್ಕದು, ಅದರ ಬಗ್ಗೆ ಮುಂದೆ ಬಹಳ ವಾಗ್ವಾದವೂ ನಡೆಯಿತು. ಆದರೆ 1999ರಲ್ಲಿ ಡೆಸಿ ಮತ್ತು ಅವರ ಸಹೋದ್ಯೋಗಿಗಳು ಇಂಥ 128 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಇಂತಿಷ್ಟು ಮಾಡಿದರೆ ಇಂತಿಷ್ಟು ಎಂದು ಮೊದಲೇ ಸಾರಿ ಕೊಡುವ ಬಹುಮಾನವು ಒಳಗಿನ ಆಸಕ್ತಿಯನ್ನು ಕುಂದಿಸುತ್ತದೆಂದೇ ಕಂಡುಬಂದಿತು. ಮೆಚ್ಚುಗೆಯ ಮಾತು ಮಾತ್ರ ಕಾಲೇಜು ವಿದ್ಯಾರ್ಥಿಗಳಲ್ಲಿ ಅದನ್ನು ಹೆಚ್ಚಿಸಿತ್ತು.

ಬಡವನಿಗೆ ಹಣ ಬೇಡವೇ ಎಂದು ಕೇಳುವಿರಿ. ಬೇಕು, ಅದಕ್ಕಾಗಿಯೇ ಈ ಮಾತು. ವಿದ್ಯಾರ್ಥಿವೇತನವೇ ಬೇರೆ, ಬಹುಮಾನವೇ ಬೇರೆ. ಶುಲ್ಕ ಕಟ್ಟಲಾರದವನಿಗೆ ಕೊಟ್ಟ ಹಣ ದಾರಿಯ ಮುಳ್ಳು ತೆಗೆಯುತ್ತದೆ. ಪ್ರಥಮ ಸ್ಥಾನಕ್ಕೆ ಕೊಟ್ಟದ್ದು ಆಗಲೇ ಊರು ಮುಟ್ಟಿದವನಿಗೆ ಬುತ್ತಿ ಕಟ್ಟಿಕೊಟ್ಟಂತೆ. ನೌಕರಿಗಾಗಿ ಓದುವವನನ್ನು ನಾನು ಹೀಗಳೆಯುವುದಿಲ್ಲ. ಮನೆಯ ಸಾಲ ತೀರಿಸಬೇಕೆಂದು ತಾನೇ ನಿಶ್ಚಯಿಸಿ ಓದುವವನ ಹಟ ಅವನ ಸ್ವಂತದ್ದು. ಮನೆಯವರು ಬೈಯುವರೆಂದು ಓದುವವನದು ಎರವಲು.

ಬಿ.ಎಸ್ಸಿ. ಮೊದಲ ವರ್ಷ ನಾನು ಗಣಿತದಲ್ಲಿ ನಪಾಸಾದೆ. ನಿಲಯದ ಹಿರಿಯ ವಿದ್ಯಾರ್ಥಿಯೊಬ್ಬರು ರಾತ್ರಿ ಪ್ರಸಾದವಾದ ಮೇಲೆ ನನ್ನನ್ನು ಹತ್ತಿರ ಕೂಡ್ರಿಸಿಕೊಂಡು, ಉತ್ತರ ಹೇಳಿಕೊಡದೆ, "ಎಲ್ಲಿ ತಪ್ಪಿದೆ, ನೀನೇ ಹುಡುಕು ತಮ್ಮಾ" ಎನ್ನುತ್ತಿದ್ದರು. ಮೂರು ವಾರ ಸಿಟ್ಟೇ ಬಂದಿತು. ಆಮೇಲೊಂದು ರಾತ್ರಿ ಕಲನಶಾಸ್ತ್ರದ ಲೆಕ್ಕವೊಂದನ್ನು ನಾನೇ ಬಿಡಿಸಿದೆ. ಯಾರೂ ಶಾಲು ಹೊದಿಸಲಿಲ್ಲ; ನಾನು ಮಾತ್ರ ಬೆಳಗಿನವರೆಗೆ ಲೆಕ್ಕ ಮಾಡುತ್ತ ಕುಳಿತಿದ್ದೆ.

ಆದುದರಿಂದ ಹಳೆಯ ವಿದ್ಯಾರ್ಥಿ ಬಂಧುಗಳೇ, ದತ್ತಿಯ ಹಣದಿಂದ ನಿಲಯದಲ್ಲಿ ನಪಾಸಾದವರೊಡನೆ ಸಂಜೆ ಎರಡು ತಾಸು ಕೂಡ್ರುವ ಅಧ್ಯಾಪಕರೊಬ್ಬರನ್ನು ಗೊತ್ತುಮಾಡಿರಿ. ಪ್ರಥಮ ಸ್ಥಾನ ಪಡೆದವರ ವಿಷಯದಲ್ಲಿ, ಅವರ ಓದನ್ನು ಬಲ್ಲ ಗುರುಗಳಿಂದ ಸಭೆಯಲ್ಲಿ ನಾಲ್ಕು ನಿಜವಾದ ಮಾತು ಹೇಳಿಸಿರಿ. ನನ್ನ ತಂದೆಯವರ ಹೆಸರಿನಲ್ಲಿರುವ ದತ್ತಿಯ ನಿಬಂಧನೆಯನ್ನು ಹೀಗೆ ತಿದ್ದಬೇಕೆಂದು ನಾನು ಈಗಾಗಲೇ ಕಾಗದ ಬರೆದಿದ್ದೇನೆ.