ರಿಪೇರಿಯಾದ ಗಾಡಿ ಸ್ಟಾರ್ಟ್ ಆಗದಿದ್ದರೆ ಎರಡನೇ ಬಿಲ್ಲು ಯಾರು ಕಟ್ಟಬೇಕು?



ಟೊಮೇಟೊ ರೇಟು ಬಿದ್ದರೆ ರಸ್ತೆಗೆ ಸುರಿದು ಕೂಗುತ್ತೇವೆ. ಗೊಬ್ಬರದ ಬೆಲೆ ಏರಿದರೆ ತಾಲ್ಲೂಕು ಕಛೇರಿ ಮುಂದೆ ಕೂರುತ್ತೇವೆ. ಗ್ಯಾರೇಜಿನವನು ಬರೆದುಕೊಟ್ಟ ಚೀಟಿಗೆ ಮಾತ್ರ ಬಾಯಿ ಮುಚ್ಚಿಕೊಂಡು ದುಡ್ಡು ಎಣಿಸುತ್ತೇವೆ. ಯಾಕೆ? ಎಂಜಿನ್ನಿನ ವಿಷಯ ಹಳ್ಳಿಯವನಿಗೆ ತಿಳಿಯಲ್ಲ ಅಂತ ಅವನೂ ಅಂದುಕೊಂಡಿದ್ದಾನೆ, ನಾವೂ ಒಪ್ಪಿಕೊಂಡುಬಿಟ್ಟಿದ್ದೇವೆ.

ಕನಕಪುರ ರಸ್ತೆಯ ಹಳ್ಳಿಗಳಿಂದ ಸಾರಕ್ಕಿ ಮಾರ್ಕೆಟ್ಟಿಗೆ, ಕಲಾಸಿಪಾಳ್ಯಕ್ಕೆ ತರಕಾರಿ ಹೊರುವ ಲಾರಿ, ಟೆಂಪೋಗಳು ದಾರಿಯಲ್ಲಿ ಕೆಟ್ಟರೆ ಬನಶಂಕರಿ, ಜೆ.ಪಿ. ನಗರದ ಕಡೆಯ ಗ್ಯಾರೇಜು ಸೇರುತ್ತವೆ. ಫಿಲ್ಟರ್ ಬದಲಾಯಿಸಿದರು, ಹೆಡ್ ಗ್ಯಾಸ್ಕೆಟ್ ಹಾಕಿದರು, ಬಿಲ್ಲು ಕಟ್ಟಾಯಿತು. ಕೀ ತಿರುಗಿಸಿದರೆ ಎಂಜಿನ್ ಬರೀ ಸುತ್ತುತ್ತೆ, ಹತ್ತಿಕೊಳ್ಳಲ್ಲ. ಆಗ ಬರುತ್ತೆ ನೋಡಿ ಎರಡನೇ ಮಾತು: “ಪಂಪು ಹೋಗಿದೆ ಗೌಡ್ರೇ, ಇಂಜೆಕ್ಟರೂ ಹೋಗಿದೆ.” ನಿನ್ನೆವರೆಗೆ ಕೆಲಸ ಮಾಡಿದ ಪಂಪು ಇವನ ಷೆಡ್ಡಿನಲ್ಲಿ ಒಂದು ರಾತ್ರಿ ನಿಂತಿದ್ದಕ್ಕೇ ಹೋಗಿಬಿಡುತ್ತಾ?

ಅಷ್ಟರಲ್ಲಿ ಊರಲ್ಲಿ ಕಿತ್ತಿಟ್ಟ ಬೀನ್ಸು ಬಾಡುತ್ತೆ, ಗಾಡಿ ಸಾಲದ ಕಂತಿನ ದಿನ ಬರುತ್ತೆ. ರೈತ ಮಂಡಿಯವನ ಮುಂದೆ ಕೈ ಚಾಚುತ್ತಾನೆ. ಮಂಡಿಯವನು ಇಲ್ಲ ಅನ್ನಲ್ಲ. ಮುಂದಿನ ಬೆಳೆ ಅವನಲ್ಲೇ ಇಳಿಸಬೇಕು, ಅವನು ಹೇಳಿದ ರೇಟಿಗೇ. ಬೆಲೆಯ ಪತ್ರಿಕೆಯಲ್ಲಿ ಎಂಜಿನ್ನಿನ ಮಾತು ಯಾಕೆ ಅನ್ನುವವರು ಇದನ್ನು ಯೋಚಿಸಿ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಗಾಳಿ ಕಾಯುತ್ತೆ, ಆ ಕಾವಿಗೆ ಇಂಜೆಕ್ಟರು ಡೀಸೆಲ್ ಚಿಮ್ಮಿಸುತ್ತೆ, ಅದು ತಾನೇ ಹತ್ತಿಕೊಳ್ಳುತ್ತೆ. ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದರೆ ಪಂಪು ಎಷ್ಟು ಒತ್ತಿದರೂ ಗಾಳಿ ಕುಗ್ಗುತ್ತದೆಯೇ ಹೊರತು ಇಂಜೆಕ್ಟರಿನ ಬಾಯಿ ತೆರೆಯಲ್ಲ. ಬಾವಿ ಪಂಪ್‌ಸೆಟ್ಟಿಗೆ ಗಾಳಿ ಹಿಡಿದರೆ ನೀರೆತ್ತಲ್ಲ ಅಂತ ನಮ್ಮ ಮನೆ ಹುಡುಗರಿಗೂ ಗೊತ್ತಲ್ಲ, ಅದೇ ಕಥೆ. ಫಿಲ್ಟರ್ ಬಿಚ್ಚಿದ ಮೇಲೆ ಗಾಳಿ ಸೇರಿಯೇ ಸೇರುತ್ತೆ. ಅದನ್ನು ತೆಗೆಯುವುದು ಮೊದಲನೇ ಕೂಲಿಯಲ್ಲೇ ಸೇರಿದ ಕೆಲಸ.

ಆದ್ದರಿಂದ ಸೈಲೆನ್ಸರಿನ ಬಾಯಿ ನೋಡಿ. ಎಂಜಿನ್ ಸುತ್ತುವಾಗ ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಕ್ಕೆ ಹೋಗುತ್ತಿಲ್ಲ. ಟ್ಯಾಂಕಿನ ಕೊಳಾಯಿ ತೆರೆದಿದೆಯಾ? ಸ್ಟಾಪ್ ಕೇಬಲ್ ಎಳೆದ ಹಾಗೇ ಸಿಕ್ಕಿಕೊಂಡಿದೆಯಾ, ಸೋಲೆನಾಯ್ಡ್ ಇದ್ದರೆ ಅದರ ವೈರು ಹಾಕಿದ್ದಾರಾ? ಹಳೇ ಮಾದರಿ ಗಾಡಿಯಾದರೆ ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ. ಗುಳ್ಳೆ ನಿಂತು ಬರೀ ಡೀಸೆಲ್ ಬರುವಾಗ ಬಿಗಿಯಿರಿ. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್-6 ಗಾಡಿಗಳಲ್ಲಿ ಮಾತ್ರ ಇಂಜೆಕ್ಟರಿಗೆ ಹೋಗುವ ಪೈಪುಗಳಿಗೆ ಕೈ ಹಾಕಬೇಡಿ. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತೆ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ ಅಂತ ಅರ್ಥ. ಪಂಪು ಬಿಚ್ಚಿದ್ದರೆ ಟೈಮಿಂಗ್ ಮಾರ್ಕು ತಪ್ಪಿಸಿ ಕೂರಿಸಿರಬಹುದು. ಹೆಡ್ ಬಿಚ್ಚಿದ್ದರೆ ವಾಲ್ವಿಗೆ ಸಂದೇ ಇಲ್ಲದಂತೆ ಬಿಗಿದಿರಬಹುದು. ಎರಡೂ ಜೋಡಿಸಿದವನ ಕೈಯ ತಪ್ಪು. ಎಂಜಿನ್ ನಿಧಾನವಾಗಿ ಸುತ್ತಿದರೆ ಬ್ಯಾಟರಿ ನೋಡಿ, ಅರ್ತ್ ಪಟ್ಟಿ ಬಿಗಿದಿದೆಯಾ ನೋಡಿ.

ಪಂಪು ನಿಜವಾಗಿಯೂ ಹೋಗುವುದುಂಟು, ಇಲ್ಲ ಅನ್ನಲ್ಲ. ಹಾಗಿದ್ದರೆ ಟೆಸ್ಟ್ ಬೆಂಚಿನ ಮೇಲೆ ಕೂರಿಸಿ ನಮ್ಮ ಕಣ್ಣೆದುರಿಗೇ ತೋರಿಸಲಿ. ಬಿ.ಟಿ.ಎಂ. ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ, ಮೂರೂ ಹಳ್ಳಿಗಳ ಹೆಸರು. ಪಕ್ಕದ ಆಡುಗೋಡಿಯಲ್ಲಿ ದೇಶಕ್ಕೆಲ್ಲ ಡೀಸೆಲ್ ಪಂಪು ಮಾಡಿಕೊಟ್ಟ ಮೈಕೋ ಕಾರ್ಖಾನೆ. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿತು. ನೆಲ ಹಳ್ಳಿಯದು, ಪಂಪಿನ ವಿದ್ಯೆ ಮಾತ್ರ ಹಳ್ಳಿಯವನಿಗೆ ಬರಬಾರದಂತೆ!

ಇನ್ನು ಬಿಲ್ಲಿನ ಮಾತು. ರಿಪೇರಿಗೆ 18 ಪರ್ಸೆಂಟ್ ಜಿಎಸ್‌ಟಿ. ನೋಂದಣಿ ಇರುವ ಸಾಗಣೆ ವ್ಯಾಪಾರಿ ಅದನ್ನು ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ತಾನು ಬೆಳೆದದ್ದನ್ನು ಮಾರುವ ರೈತನಿಗೆ ಆ ನೋಂದಣಿಯೇ ಇಲ್ಲ, ತೆರಿಗೆ ಪೂರಾ ಅವನ ತಲೆ ಮೇಲೆ. ಇದರ ಮೇಲೆ ಬಿಳಿ ಚೀಟಿಯಲ್ಲಿ ಬರೆದುಕೊಟ್ಟು ದುಡ್ಡು ಕೇಳಿದರೆ ಕೊಡಬೇಡಿ, ಪಕ್ಕಾ ಬಿಲ್ಲು ಕೇಳಿ. ಬಿಲ್ಲು ಕೈಯಲ್ಲಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಕಡೆಗಿದೆ. ಲಾರಿ ವ್ಯಾಪಾರದ್ದು, ನೀನು ಗ್ರಾಹಕನಲ್ಲ ಅಂತ ವಾದ ಹೂಡುತ್ತಾರೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೇ ಇಟ್ಟುಕೊಂಡಿದ್ದರೆ ಆ ವಾದ ನಿಲ್ಲಲ್ಲ, ಕಾಯ್ದೆಯಲ್ಲೇ ಹಾಗೆ ಬರೆದಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ.

ಗಾಡಿ ಬಿಡುವಾಗಲೇ ಏನೇನು ಬಿಚ್ಚುತ್ತೀಯಾ ಅಂತ ಬರೆಸಿಕೊಳ್ಳಿ. ಎಂಜಿನ್ ಓಡುವುದನ್ನು ಕೇಳಿದ ಮೇಲೆ ದುಡ್ಡು ಕೊಡಿ. ಬದಲಾಯಿಸಿದ ಹಳೇ ಸಾಮಾನನ್ನು, ಆ ಹಳೇ ಪಂಪನ್ನೂ ಸೇರಿಸಿ, ಚೀಲಕ್ಕೆ ಹಾಕಿಸಿಕೊಂಡು ಊರಿಗೆ ತನ್ನಿ.